'ನಾ ಆರಾಮ ಅದೀನಿ' ಅನ್ನುತ್ತಿದ್ದ ಹುಡುಗ: ವಸತಿ ಶಾಲೆಯ ಒಂದು ಪ್ರಕರಣ

ಹಾಸ್ಟೆಲ್‌ನಲ್ಲಿ ಓದಿದವರನ್ನು ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಒಂದೇ, 'ಹಾಸ್ಟೆಲ್ ನಮ್ಮನ್ನು ಗಟ್ಟಿ ಮಾಡಿತು'. ನಾನೂ ನವೋದಯ ಅನ್ನುವ ಕೇಂದ್ರ ಸರ್ಕಾರದ ವಸತಿ ಶಾಲೆಯಲ್ಲಿ ಓದಿದವನು, ನನಗೂ ಇದು ಹಳೇ ಮಾತು. ಆದರೆ ಗಟ್ಟಿಯಾಗಿ ಕಾಣುವ ಮಗು ನಿಜಕ್ಕೂ ಬೆಳೆದಿದೆಯೋ, ಇಲ್ಲ ನೋವು ಮುಚ್ಚಿಡುವುದನ್ನಷ್ಟೇ ಕಲಿತಿದೆಯೋ ಅಂತ ದೊಡ್ಡವರಿಗೆ ಗೊತ್ತಾಗುವುದು ಬಹಳ ತಡವಾಗಿ. ಅಂಥ ಒಂದು ಪ್ರಕರಣ ಇದು.

ಹುಡುಗ ನನಗಿಂತ ಕೆಲವು ವರ್ಷ ಕಿರಿಯ, ಈಗ ಮೂವತ್ತು ದಾಟಿದ್ದಾನೆ. ಸೋಮು ಅಂತ ಕರೆಯೋಣ, ಅದು ಅವನ ನಿಜವಾದ ಹೆಸರಲ್ಲ. ಊರು, ಶಾಲೆ, ಮಾಸ್ತರು ಯಾರು ಅಂತ ಗೊತ್ತಾಗುವ ವಿವರಗಳನ್ನು ಬಿಟ್ಟಿದ್ದೇನೆ, ಒಂದೆರಡನ್ನು ಬದಲಿಸಿದ್ದೇನೆ. ಬರೆಯಲು ಅವನು ಒಪ್ಪಿದ್ದಾನೆ. ಓದಿದ ಮೇಲೆ ಎರಡು ಕಡೆ ತಗಾದೆ ತೆಗೆದ. ಅದನ್ನೂ ಮುಂದೆ ಹೇಳುತ್ತೇನೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ಸಣ್ಣ ಹಳ್ಳಿ. ಮಳೆ ನಂಬಿದ ಹೊಲ, ಜೋಳ, ಕಡಲೆ. ಅಪ್ಪ, ಅವ್ವ, ಒಬ್ಬಳು ತಂಗಿ. ಐದನೇ ತರಗತಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆ. ನವೋದಯದ ಅರ್ಜಿ ತುಂಬಿಸಿದ್ದು ಅಲ್ಲಿನ ಮಾಸ್ತರು. ಸಂಜೆ ಹೊತ್ತು ತಮ್ಮ ಮನೆಯ ಕಟ್ಟೆ ಮೇಲೆ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟವರೂ ಅವರೇ.

ಜವಾಹರ್ ನವೋದಯ ವಿದ್ಯಾಲಯ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದ ಯೋಜನೆ. ಮೊದಲ ಎರಡು ಶಾಲೆ ಶುರುವಾಗಿದ್ದು ಹರಿಯಾಣದ ಝಜ್ಜರ್‌ನಲ್ಲಿ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ. ಆಮೇಲೆ ಜಿಲ್ಲೆಗೊಂದು ಅನ್ನುವ ಲೆಕ್ಕದಲ್ಲಿ ಬೆಳೆಯುತ್ತಾ ಬಂತು. ಆರನೇ ತರಗತಿಗೆ ಪ್ರವೇಶ ಪರೀಕ್ಷೆ, ನೂರಕ್ಕೆ ಕನಿಷ್ಠ 75 ಭಾಗ ಸೀಟು ಹಳ್ಳಿ ಮಕ್ಕಳಿಗೆ, ಊಟ, ವಸತಿ, ಪುಸ್ತಕ, ಬಟ್ಟೆ ಎಲ್ಲ ಸರ್ಕಾರದ್ದು. ಇಷ್ಟು ಎಲ್ಲರಿಗೂ ಗೊತ್ತು. ಈ ಪ್ರಕರಣಕ್ಕೆ ಮುಖ್ಯವಾದ ಲೆಕ್ಕ ಬೇರೆ ಇದೆ. ಇಡೀ ಜಿಲ್ಲೆಗೆ ಸಿಗುವುದು ಹೆಚ್ಚೆಂದರೆ 80 ಸೀಟು. ಅದರಲ್ಲಿ ಒಂದು ತಮ್ಮೂರಿಗೆ ಬಂದರೆ ಹಳ್ಳಿಯವರು ಸುಮ್ನೆ ಇರುತ್ತಾರಾ? ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿದರು. ಪಂಚಾಯಿತಿಯವರು ಶಾಲು ಹೊದಿಸಿದರು. ಹತ್ತು ವರ್ಷದ ಹುಡುಗನ ಹೆಗಲ ಮೇಲೆ ಊರೇ ಕೂತಿತು. ಇಂಥ ಹುಡುಗ ಒಂದು ತಿಂಗಳಲ್ಲಿ 'ನನಗೆ ಬ್ಯಾಡ, ವಾಪಸ್ ಬರ್ತೀನಿ' ಅಂತ ಹೇಳುವುದಾದರೂ ಹೇಗೆ?

ಒಂದು ಟ್ರಂಕು, ಬೀಗ, ಬಕೆಟ್ಟು, ಚಾದರ. ನೀಲಗಿರಿ ಹೌಸ್, ಅಂದರೆ ಹಾಸ್ಟೆಲ್ಲಿನ ಮಕ್ಕಳನ್ನು ಹಂಚಿದ ತಂಡಗಳಲ್ಲಿ ಒಂದು. ಬೆಳಕು ಹರಿಯುವ ಮುಂಚೆ ಸೀಟಿ, ಪಿಟಿ, ಸ್ನಾನಕ್ಕೆ ಸಾಲು, ಅಸೆಂಬ್ಲಿ, ಕ್ಲಾಸು, ಆಟ, ರಾತ್ರಿ ಪ್ರೆಪ್ ಅನ್ನುವ ಓದಿನ ಹೊತ್ತು, ರೋಲ್ ಕಾಲ್. ಮೊದಲ ತಿಂಗಳುಗಳಲ್ಲಿ ಲೈಟು ಆರಿದ ಮೇಲೆ ಎಲ್ಲರೂ ಅಳುತ್ತಾರೆ. ಸೋಮುವೂ ಅತ್ತ. ಆದರೆ ಜೋರಾಗಿ ಅತ್ತವರಿಗೆ ಬೆಳಗಾಗುವುದರೊಳಗೆ ಅಡ್ಡಹೆಸರು ಬೀಳುತ್ತಿತ್ತು. ಭೇಟಿಯ ಭಾನುವಾರ ಬುತ್ತಿ ತಂದ ಅಪ್ಪ ಮರದ ಕೆಳಗೆ ಕೂರಿಸಿಕೊಂಡು, 'ಅಳಬ್ಯಾಡಪಾ, ಊರ ಮರ್ಯಾದಿ ಐತಿ' ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಹುಡುಗ ಅವತ್ತಿನಿಂದ ಅಳು ನಿಲ್ಲಿಸಿದ.

ಅಳು ನಿಂತ ಮೇಲೆ ಬಾಕಿಯದೂ ಒಂದೊಂದಾಗಿ ನಿಂತಿತು. ಜ್ವರ ಬಂದರೆ ಹೇಳುತ್ತಿರಲಿಲ್ಲ. ಶೂ ಕಳೆದಾಗ ವಾರಗಟ್ಟಲೆ ಚಪ್ಪಲಿಯಲ್ಲೇ ಪಿಟಿ ಮಾಡಿ ಬೈಸಿಕೊಂಡ, ಕಳೆದಿದೆ ಅಂತ ಬಾಯಿ ಬಿಡಲಿಲ್ಲ. ದೊಡ್ಡ ಹುಡುಗರು ಬಕೆಟ್ ತುಂಬಿಸಿಕೊಡು ಅಂದರೆ ತುಂಬಿಸಿಕೊಟ್ಟ. ಕಾಯಿನ್ ಫೋನಿನಲ್ಲಿ ಮನೆಗೆ ಹೇಳುತ್ತಿದ್ದುದು ಒಂದೇ, 'ಯವ್ವಾ, ನಾ ಆರಾಮ ಅದೀನಿ, ನೀ ಚಿಂತಿ ಮಾಡಬ್ಯಾಡ'. ಏಳು ಮತ್ತು ಎಂಟನೇ ತರಗತಿಯಲ್ಲಿ ಒಳ್ಳೇ ಮಾರ್ಕ್ಸ್ ಬಂತು. ಕಬಡ್ಡಿ ಟೀಮಿಗೂ ಸೇರಿದ. ಸಭೆಗೆ ಬಂದ ಅಪ್ಪನಿಗೆ ಹೌಸ್ ಮಾಸ್ಟರ್ 'ನಿಮ್ಮ ಹುಡುಗನದು ಯಾವ ಕಂಪ್ಲೇಂಟೂ ಇಲ್ಲ' ಅಂದರು. ನಾಲ್ಕು ದೊಡ್ಡವರು ಸೇರಿ ಒಬ್ಬ ಹುಡುಗನನ್ನು ಹೊಗಳಿದ್ದು, ಅವನು ಏನೂ ಹೇಳುವುದಿಲ್ಲ ಅನ್ನುವ ಕಾರಣಕ್ಕೆ. ಈ ಪ್ರಕರಣದ ಬೇರು ಇರುವುದು ಇಲ್ಲೇ. ಮುಂದೆ ಆಗಿದ್ದಕ್ಕೆ ಒಂಬತ್ತನೇ ತರಗತಿಯನ್ನು ದೂರುವವರು ಇದನ್ನು ಮರೆಯಬಾರದು.

ಒಂಬತ್ತನೇ ತರಗತಿ

ನವೋದಯದಲ್ಲಿ ಮೈಗ್ರೇಷನ್ ಅಂತ ಒಂದು ಪದ್ಧತಿ ಇದೆ. ಒಂಬತ್ತನೇ ತರಗತಿಯ ನೂರಕ್ಕೆ ಸುಮಾರು 30 ಭಾಗ ಮಕ್ಕಳು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಹೋಗುತ್ತಾರೆ. ನಮ್ಮವರು ಹಿಂದಿ ನಾಡಿಗೆ, ಅಲ್ಲಿಯವರು ಇಲ್ಲಿಗೆ. ದೇಶದ ಮಕ್ಕಳು ಒಬ್ಬರನ್ನೊಬ್ಬರು ಅರಿಯಲಿ ಅನ್ನುವ ಉದ್ದೇಶ. ಒಳ್ಳೆಯ ಉದ್ದೇಶವೇ, ನನಗೆ ಅದರ ಮೇಲೆ ಈಗಲೂ ಗೌರವ ಇದೆ.

ಪಟ್ಟಿಯಲ್ಲಿ ಸೋಮುವಿನ ಹೆಸರು ಬಂತು. ಹೋಗ್ತೀಯಾ ಅಂತ ಕೇಳಿದಾಗ 'ಹೂಂ' ಅಂದ. ಯಾವುದಕ್ಕೂ ಇಲ್ಲ ಅನ್ನದ ಹುಡುಗ ಇದಕ್ಕೆ ಮಾತ್ರ ಇಲ್ಲ ಅಂತಾನಾ?

ಜೊತೆಗೊಬ್ಬ ಸರ್, ಒಂದಿಷ್ಟು ಹುಡುಗ ಹುಡುಗಿಯರು, ರೈಲು. ಸೊಲ್ಲಾಪುರ, ಮನ್ಮಾಡ್, ಭೂಸಾವಳ ದಾಟಿ ಝಾನ್ಸಿ ಕಡೆ ಹೋಗುವ ಹೊತ್ತಿಗೆ ಅಂತ್ಯಾಕ್ಷರಿ ಹಾಡುತ್ತಿದ್ದವರೆಲ್ಲ ಸುಸ್ತಾಗಿದ್ದರು. ಮುಟ್ಟಿದ್ದು ಉತ್ತರ ಪ್ರದೇಶದ ಒಂದು ಜಿಲ್ಲೆಯ ಶಾಲೆ. ಕಟ್ಟಡ ಹೆಚ್ಚುಕಡಿಮೆ ನಮ್ಮದರ ಹಾಗೇ, ಹೌಸುಗಳ ಹೆಸರೂ ಅವೇ. ಹಾಗಾಗಿ ಒಳಗೆ ಎಲ್ಲ ಬದಲಾಗಿದೆ ಅನ್ನುವುದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು.

ಗಣಿತ ಮತ್ತು ವಿಜ್ಞಾನ ಇಂಗ್ಲಿಷಿನಲ್ಲಿ, ಹೇಗೋ ನಡೆಯಿತು. ಸಮಾಜ ವಿಜ್ಞಾನ ಹಿಂದಿಯಲ್ಲಿ. ಪುಸ್ತಕದ ಹಿಂದಿ ಒಂದು, ಸರ್ ಮಾತಾಡುವ ಹಿಂದಿ ಇನ್ನೊಂದು, ಹುಡುಗರು ರೂಮಿನಲ್ಲಿ ಬೈದಾಡುವ ಹಿಂದಿ ಮತ್ತೊಂದು. ಅರ್ಧ ವಾರ್ಷಿಕ ಪರೀಕ್ಷೆಯಲ್ಲಿ ಸಮಾಜದ ಪೇಪರನ್ನು ಹೆಚ್ಚುಕಡಿಮೆ ಖಾಲಿ ಕೊಟ್ಟು ಬಂದ. ಎಂಟನೇ ತರಗತಿಯಲ್ಲಿ ಮೊದಲ ಸಾಲಿನಲ್ಲಿದ್ದ ಹುಡುಗ. ಅಲ್ಲಿಯ ಮಾಸ್ಟರುಗಳಿಗೆ ಅವನ ಹಿಂದಿನ ಕಥೆ ಗೊತ್ತಿಲ್ಲ, ದಡ್ಡ ಅಂದುಕೊಂಡಿರಬೇಕು.

ಮಾರ್ಕ್ಸ್ ಕಣ್ಣಿಗೆ ಕಾಣುತ್ತಿತ್ತು. ಕಾಣದ್ದು ಇನ್ನೊಂದಿತ್ತು. ಅವನು ರಾತ್ರಿ ಮೆಸ್ಸಿಗೆ ಹೋಗುವುದನ್ನೇ ಬಿಟ್ಟಿದ್ದ. ಶುರುವಾಗಿದ್ದು ಒಂದು ಸಣ್ಣ ನಗೆಯಿಂದ. ಇನ್ನೊಂದು ರೊಟ್ಟಿ ಕೇಳುವಾಗ ಏನೋ ತಪ್ಪು ಹಿಂದಿ ಆಡಿದ, ಸಾಲಿನಲ್ಲಿದ್ದವರು ನಕ್ಕರು, ಮರುದಿನ ಅದನ್ನೇ ಹೇಳಿ ರೇಗಿಸಿದರು. ಮಕ್ಕಳ ಚೇಷ್ಟೆ, ಯಾರೂ ಹೊಡೆಯಲಿಲ್ಲ ಬಡಿಯಲಿಲ್ಲ. ಆದರೆ ಮೂರು ವರ್ಷದಿಂದ ಏನನ್ನೂ ಕೇಳದೇ ಬದುಕುವುದನ್ನು ಅಭ್ಯಾಸ ಮಾಡಿಕೊಂಡಿದ್ದವನಿಗೆ ಇದಕ್ಕೂ ಅದೇ ಉಪಾಯ ಹೊಳೆಯಿತು, ಅಂದರೆ ಕೇಳಬೇಕಾದ ಜಾಗಕ್ಕೇ ಹೋಗದಿರುವುದು. ಸಂಜೆ ಕೊಟ್ಟ ಬಿಸ್ಕತ್ತು ಎತ್ತಿಟ್ಟುಕೊಂಡು ರಾತ್ರಿ ತಿಂದು ಮಲಗುತ್ತಿದ್ದ. ಫೋನಿನಲ್ಲಿ ಮಾತ್ರ ಅದೇ ಹಳೇ ಮಾತು, ಆರಾಮ ಅದೀನಿ.

ಏನೇನು ಮಾಡಿ ನೋಡಿದರು

ಶಾಲೆಯವರು ಸುಮ್ಮನೆ ಕೂತಿರಲಿಲ್ಲ. ಹೊರಗಿನಿಂದ ಬಂದವರಿಗೆ ಸಂಜೆ ಹಿಂದಿಯ ಹೆಚ್ಚುವರಿ ತರಗತಿ ಇಟ್ಟರು. ಸೋಮು ತಪ್ಪದೇ ಹೋದ, ತಲೆ ಆಡಿಸಿದ, ಬಂದ. ಅರ್ಥವಾಯ್ತಾ ಅಂದರೆ 'ಜೀ ಸರ್'. ಈ ತಲೆ ಆಡಿಸುವುದರಲ್ಲಿ ಅವನಷ್ಟು ನುರಿತವರು ಯಾರೂ ಇರಲಿಲ್ಲ. ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಆಮೇಲೆ ಹೌಸ್ ಮಾಸ್ಟರ್ ಕನ್ನಡದ ಹುಡುಗರನ್ನೆಲ್ಲ ಒಂದೇ ಕಡೆ ಹಾಕಿದರು, ಮನಸ್ಸಿಗೆ ಹಗುರ ಆಗಲಿ ಅಂತ. ಆಯಿತು ಕೂಡ, ಒಂದೆರಡು ವಾರ. ಆಮೇಲೆ ಅವರೆಲ್ಲ ಸೇರಿ ಒಂದು ದ್ವೀಪ ಆದರು. ಅದರೊಳಗೂ ಮಾತಾಡುವ ಇಬ್ಬರು ಎಲ್ಲರ ಪರವಾಗಿ ಹಿಂದಿ ಆಡುತ್ತಿದ್ದರು, ಸೋಮುವಿಗೆ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

ಅಪ್ಪನ ಕಡೆಯಿಂದ ಬಂದ ಉಪಾಯ ಒಂದೇ, 'ತಡ್ಕೋ. ಒಂದ್ ವರ್ಷ ಹ್ಯಾಂಗರ ಕಳೀತೈತಿ'. ಅವರಿಗೆ ಗೊತ್ತಿದ್ದದ್ದು ಕಮ್ಮಿ ಮಾರ್ಕ್ಸಿನ ವಿಷಯ ಅಷ್ಟೇ.

ದೀಪಾವಳಿ ರಜೆಗೆ ಊರಿಗೆ ಬಂದಾಗ ಸಣ್ಣಗಾಗಿದ್ದ. ನೋಡಿದವರೆಲ್ಲ 'ಎತ್ತರ ಆಗ್ಯಾನ, ಅದಕ್ಕ' ಅಂದರು. ಅವ್ವ ಏನೂ ಅನ್ನಲಿಲ್ಲ. ಎರಡು ದಿನ ಬಿಟ್ಟು, ರೊಟ್ಟಿ ಬಡಿಯುತ್ತಾ ಕೂತಿದ್ದಾಗ, 'ಅಲ್ಲಿ ರಾತ್ರಿ ಉಣ್ಣಾಕ ಯಾರ ಬಾಜೂಕ ಕುಂದರ್ತಿ?' ಅಂತ ಕೇಳಿದರು. ಆರಾಮ ಅದಿಯೇನು ಅಂದಿದ್ದರೆ ಅವನ ಹತ್ತಿರ ಉತ್ತರ ಸಿದ್ಧ ಇತ್ತು. ಇದಕ್ಕೆ ಇರಲಿಲ್ಲ. ಒಂದು ಹೆಸರು ಹೇಳಬೇಕಿತ್ತು, ಸುಳ್ಳು ಹೆಸರು ಹೇಳಬಹುದಿತ್ತು. ಹೇಳಲು ಆಗಲಿಲ್ಲ. ಆರನೇ ತರಗತಿಯ ಆ ಭಾನುವಾರದ ನಂತರ ಮೊದಲ ಸಲ ಅವ್ವನ ಮುಂದೆ ಅತ್ತ, ಬಿಸ್ಕತ್ತಿನ ಕಥೆಯೂ ಹೊರಬಂತು.

ಈ ಪ್ರಕರಣದಲ್ಲಿ ಮೊದಲ ತಿರುವು ಇದು, ಮತ್ತು ನನ್ನ ಲೆಕ್ಕದಲ್ಲಿ ದೊಡ್ಡದೂ ಇದೇ. ಓದು ಬರಹ ಬಾರದ ಹೆಂಗಸು ಕೇಳಿದ ಪ್ರಶ್ನೆಯನ್ನು ಶಾಲೆಯಲ್ಲೂ ಮನೆಯಲ್ಲೂ ಅಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಟಿಸಿ ತರಬೇಕೋ ಬೇಡವೋ

ಆ ವಾರ ಮನೆಯಲ್ಲಿ ಜಗಳವಾಯಿತು. ಟಿಸಿ ತಂದು ತಾಲ್ಲೂಕಿನ ಶಾಲೆಗೆ ಹಾಕೋಣ ಅಂತ ಅವ್ವ. ಊರ ಮುಂದೆ ಏನಂತ ಹೇಳುವುದು ಅಂತ ಅಪ್ಪ. ಹುಡುಗನನ್ನು ಕೇಳಿದರೆ ಅವನಿಗೂ ಗೊತ್ತಿಲ್ಲ. ಕೊನೆಗೆ ಹಳ್ಳಿಯ ಅದೇ ಮಾಸ್ತರು ನಡುವೆ ಬಂದರು. ಅವರ ಮಾತಿನಂತೆ ಅಪ್ಪ ಮಗನಿಗೆ ಹೇಳಿದ್ದು ಇಷ್ಟು: ಸಂಕ್ರಾಂತಿವರೆಗೆ ನೋಡೋಣ. ಆಗಲೂ ಬ್ಯಾಡ ಅನ್ನಿಸಿದರೆ ಒಂದು ಫೋನ್ ಮಾಡು, ಯಾಕ ಅಂತ ಕೇಳೂದಿಲ್ಲ, ರೈಲು ಹತ್ತಿ ಬಂದು ಕರಕೊಂಡು ಬರ್ತೀನಿ, ಊರವರಿಗೆ ನಾ ಹೇಳ್ತೀನಿ.

ಈ ಕೊನೆಯ ಮಾತು ಮುಖ್ಯ. ಊರಿನ ಭಾರವನ್ನು ಅಪ್ಪ ಮಗನ ಹೆಗಲಿನಿಂದ ತೆಗೆದು ತನ್ನ ಮೇಲೆ ಹಾಕಿಕೊಂಡರು. ವಾಪಸ್ ಬರುವ ದಾರಿ ತೆರೆದಿದೆ ಅಂತ ಗೊತ್ತಾದ ಮೇಲೆ ಅವನಿಗೆ ಹೋಗಲು ಧೈರ್ಯ ಬಂತು. 'ಹೋಗ್ಲೇಬೇಕು' ಅಂದಿದ್ದರೂ ಹೋಗುತ್ತಿದ್ದ, ಆದರೆ ಹಳೇ ಸೋಮುವಾಗೇ ಹೋಗುತ್ತಿದ್ದ.

ಇನ್ನೊಂದು ಕೆಲಸ ಅವ್ವ ಮಾಡಿದರು. ಹೀಗೆ ಮಕ್ಕಳ ಅದಲುಬದಲು ಇರುವ ನವೋದಯಗಳಲ್ಲಿ ಹೊರಗಿನ ಮಕ್ಕಳ ಭಾಷೆಯನ್ನು ತೃತೀಯ ಭಾಷೆಯಾಗಿ ಕಲಿಸಲು ಒಬ್ಬ ಶಿಕ್ಷಕರು ಇರುತ್ತಾರೆ. ಆ ಉತ್ತರ ಪ್ರದೇಶದ ಶಾಲೆಯಲ್ಲೂ ಒಬ್ಬ ಕನ್ನಡ ಮೇಡಂ ಇದ್ದರು. ಅವರ ನಂಬರ್ ಸಂಪಾದಿಸಿ ಅವ್ವ ಫೋನ್ ಹಚ್ಚಿ, ಸುತ್ತು ಬಳಸು ಇಲ್ಲದೆ, 'ನನ್ನ ಮಗಾ ರಾತ್ರಿ ಉಣ್ಣಾಕತ್ತಿಲ್ರಿ' ಅಂದರು. ಮೇಡಂಗೆ ಅದುವರೆಗೆ ಇದು ಗೊತ್ತೇ ಇರಲಿಲ್ಲ. ಕನ್ನಡ ಕ್ಲಾಸಿನಲ್ಲಿ ಅವನು ಚೆನ್ನಾಗೇ ಇದ್ದನಲ್ಲ!

ಅಡುಗೆಮನೆ

ಮೇಡಂ ಕರೆದು ಬುದ್ಧಿ ಹೇಳಬಹುದಿತ್ತು. ಹೇಳಲಿಲ್ಲ. ಹೌಸ್ ಮಾಸ್ಟರ್ ಜೊತೆ ಮಾತಾಡಿ ಅವನನ್ನು ಮೆಸ್ ಕಮಿಟಿಗೆ ಹಾಕಿಸಿದರು. ಸಂಜೆ ಮೆಸ್ಸಿಗೆ ಹೋಗಬೇಕು, ನಾಳೆಯ ಮೆನು ಬೋರ್ಡಿನ ಮೇಲೆ ಬರೆಯಬೇಕು, ಹಾಲು ಬಂದಾಗ ಅಳತೆ ನೋಡಬೇಕು, ಎಷ್ಟು ಜನ ಉಂಡರು ಅಂತ ರಿಜಿಸ್ಟರಿನಲ್ಲಿ ಹಾಕಬೇಕು. ಉಣ್ಣದವರ ಪಟ್ಟಿ ಮಾಡುವುದೂ ಅವನ ಕೆಲಸವೇ. ಉಣ್ಣದ ಹುಡುಗನ ಕೈಗೆ ಆ ಪಟ್ಟಿ ಕೊಟ್ಟದ್ದು ಮೇಡಂ ಬೇಕಂತಲೇ ಮಾಡಿದ್ದು ಅಂತ ಸೋಮು ಈಗಲೂ ನಂಬುತ್ತಾನೆ. ನನಗೆ ಅನುಮಾನ ಇದೆ, ಆ ಜಾಗ ಖಾಲಿ ಇತ್ತು ಅಂತ ಕೊಟ್ಟಿರಬಹುದು.

ಅಡುಗೆಯವರಿಗೆ ವ್ಯಾಕರಣ ಬೇಕಿರಲಿಲ್ಲ. ಅವರದು ಆ ಕಡೆಯ ಹಳ್ಳಿ ಹಿಂದಿ. ಇವನು ತಪ್ಪು ಆಡಿದರೆ ನಗುತ್ತಿದ್ದರು, ಸರಿ ಮಾಡುತ್ತಿದ್ದರು, ಮುಂದಿನ ಕೆಲಸ ಹೇಳುತ್ತಿದ್ದರು. ಮಾರ್ಕ್ಸ್ ಇಲ್ಲ, ಮರುದಿನ ರೇಗಿಸುವುದೂ ಇಲ್ಲ. ಜನವರಿಯ ಮಂಜು ಎದುರಿನ ಕಟ್ಟಡವೂ ಕಾಣದಷ್ಟು ದಟ್ಟವಾಗಿ ಕವಿಯುತ್ತಿತ್ತು. ಅಂಥ ಚಳಿಯಲ್ಲಿ ಇಡೀ ಶಾಲೆಯಲ್ಲಿ ಬೆಚ್ಚಗಿದ್ದ ಜಾಗ ಒಲೆಯ ಮುಂದೆ. ಹುಡುಗ ಡ್ಯೂಟಿ ಮುಗಿದ ಮೇಲೂ ಅಲ್ಲೇ ಇರತೊಡಗಿದ, ಅಲ್ಲೇ ಬಿಸಿ ರೊಟ್ಟಿ ತಿಂದ. ಜೋಳದ ರೊಟ್ಟಿ ಕೈಯಲ್ಲಿ ಬಡಿಯುವುದನ್ನು ಹಿಟ್ಟಿಲ್ಲದೇ ಬರೀ ಕೈಯಲ್ಲಿ ಅಭಿನಯಿಸಿ ತೋರಿಸಿದನಂತೆ, ಅಡುಗೆಯವರು ನಂಬಲಿಲ್ಲವಂತೆ.

ರೂಮಿನ ವ್ಯವಸ್ಥೆಯೂ ಬದಲಾಯಿತು. ಕನ್ನಡದವರನ್ನು ಇಬ್ಬಿಬ್ಬರಾಗಿ ಹಂಚಿದರು, ಊಟಕ್ಕೆ ಮಾತ್ರ ಒಟ್ಟಿಗೆ ಕೂರಬಹುದು ಅಂದರು. ಪೂರ್ತಿ ಗುಂಪು ಮಾಡಿದರೆ ದ್ವೀಪ, ಪೂರ್ತಿ ಒಡೆದರೆ ಒಂಟಿ, ಇಬ್ಬರು ಅಂದರೆ ಸರಿಯಾದ ಲೆಕ್ಕ. ಬೇರೆ ಹಾಸ್ಟೆಲ್ಲಿನವರೂ ಇದನ್ನು ಮಾಡಿ ನೋಡಬಹುದು.

ಇದರ ಮಧ್ಯೆ, ಯಾರೂ ಯೋಜನೆ ಮಾಡದೇ ಒಂದು ಘಟನೆ ನಡೆಯಿತು. ಆರನೇ ತರಗತಿಯ ಒಬ್ಬ ಚಿಕ್ಕ ಹುಡುಗನ ಅಣ್ಣ ಅದೇ ವರ್ಷ ಮೈಗ್ರೇಷನ್‌ನಲ್ಲಿ ಕರ್ನಾಟಕಕ್ಕೆ ಬಂದಿದ್ದ. ಆ ಚಿಕ್ಕವನು ಮೆಸ್ಸಿನಲ್ಲಿ ಸೋಮುವಿನ ಬೆನ್ನು ಹತ್ತಿದ. ಭೈಯಾ, ಅಲ್ಲಿ ಚಳಿ ಇದೆಯಾ? ಊಟಕ್ಕೆ ಏನು ಕೊಡುತ್ತಾರೆ? ಅಲ್ಲಿನ ಹುಡುಗರು ನನ್ನ ಅಣ್ಣನನ್ನು ಹೊಡೆಯುತ್ತಾರಾ? ಇವನು ಮುರುಕು ಹಿಂದಿಯಲ್ಲಿ ಎಲ್ಲಕ್ಕೂ ಉತ್ತರ ಹೇಳಬೇಕಾಯಿತು, ಯಾಕೆಂದರೆ ಆ ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದವರು ಅಲ್ಲಿ ನಾಲ್ಕಾರು ಜನ ಮಾತ್ರ. ಒಂದು ವರ್ಷದಲ್ಲಿ ಮೊದಲ ಸಲ ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಬೇಕಾಯಿತು ಅನ್ನುತ್ತಾನೆ ಸೋಮು.

ಸಂಕ್ರಾಂತಿ ಬಂತು. ಫೋನ್ ಹೋಯಿತು, ಆದರೆ ಹಬ್ಬದ ಮಾತಿಗೆ. ಅಪ್ಪ ರೈಲು ಹತ್ತಲಿಲ್ಲ.

ಫಲಿತಾಂಶ, ಮತ್ತು ಅದರ ಬೆಲೆ

ಸಿನಿಮಾ ಥರ ಕ್ಲಾಸಿಗೇ ಫಸ್ಟ್ ಬಂದ ಅಂತ ಬರೆಯಲು ಆಗುವುದಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನ ಪಾಸಾಯಿತು, ಅಷ್ಟೇ. ಒಟ್ಟು ಮಾರ್ಕ್ಸ್ ಎಂಟನೇ ತರಗತಿಗಿಂತ ಕೆಳಗೇ ಇತ್ತು. ಹತ್ತನೇ ತರಗತಿಗೆ ನಮ್ಮ ಜಿಲ್ಲೆಗೆ ವಾಪಸ್ ಬಂದಾಗ ಹೋಗದೇ ಇದ್ದವರು ಪಾಠದಲ್ಲಿ ಮುಂದೆ ಇದ್ದರು. ಬದಲಾಗಿದ್ದು ಒಂದೇ, ಈಗ ಅರ್ಥವಾಗದಿದ್ದರೆ ಕೈ ಎತ್ತಿ ಕೇಳುತ್ತಿದ್ದ. ಗಣಿತದ ಸರ್ ಸ್ಟಾಫ್ ರೂಮಿಗೆ ಹೋಗಿ 'ಈ ಹುಡುಗ ಯಾಕೋ ತುಂಬಾ ಪ್ರಶ್ನೆ ಕೇಳ್ತಾನಲ್ಲ' ಅಂದರಂತೆ. ನನಗೆ ಕೇಳಿದರೆ ಅವನ ಬೆಳವಣಿಗೆಗೆ ಸಿಕ್ಕ ಸರ್ಟಿಫಿಕೇಟ್ ಅದೇ.

ಆಮೇಲೆ ಹೌಸ್ ಕ್ಯಾಪ್ಟನ್ ಆದ. ರಾತ್ರಿ ರೋಲ್ ಕಾಲ್ ಆದ ಮೇಲೆ ಯಾರು ಊಟ ಬಿಟ್ಟಿದ್ದಾರೆ ಅಂತ ಕೇಳುವ ಪದ್ಧತಿ ತಂದ. ಅದೇ ವರ್ಷ, ಮನೆ ನೆನೆದು ಅಳುತ್ತಿದ್ದ ಒಬ್ಬ ಆರನೇ ತರಗತಿಯವನಿಗೆ 'ಗಂಡಸಾಗು ಲೇ' ಅಂತ ಗದರಿಸಿದ್ದೂ ಉಂಟು. ಇದನ್ನು ಬರೆಯಬೇಡ ಅಂದ, ಅದು ಅವನ ಮೊದಲ ತಗಾದೆ. ಬರೆದೇ ಬರೆಯುತ್ತೇನೆ ಅಂತ ಒಪ್ಪಿಸಿದೆ. ಯಾಕೆಂದರೆ ಕಲಿತದ್ದು ಒಂದೇ ಸಲಕ್ಕೆ ಒಳಗೆ ಇಳಿಯುವುದಿಲ್ಲ. ಹಳೇ ಅಭ್ಯಾಸ ದಣಿದಾಗ, ಸಿಟ್ಟು ಬಂದಾಗ ಬಾಯಿಗೆ ಬಂದುಬಿಡುತ್ತದೆ.

ಎರಡನೇ ತಗಾದೆ ಇನ್ನೂ ಬಗೆಹರಿದಿಲ್ಲ. 'ಆ ವರ್ಷ ಇಲ್ಲದಿದ್ದರೆ ನಾನು ನಾನಾಗ್ತಿರಲಿಲ್ಲ' ಅನ್ನುತ್ತಾನೆ. ನಾನು ಒಪ್ಪುವುದಿಲ್ಲ. ಅವನನ್ನು ಬೆಳೆಸಿದ್ದು ದೂರವೂ ಅಲ್ಲ, ಹಸಿವೂ ಅಲ್ಲ. ಅವ್ವನ ಪ್ರಶ್ನೆ, ಅಪ್ಪನ ಮಾತು, ಮೇಡಂ ಕೊಟ್ಟ ಕೆಲಸ. ಆರನೇ ತರಗತಿಯಲ್ಲೇ ಈ ಮೂರೂ ಸಿಕ್ಕಿದ್ದರೆ ಒಂಬತ್ತರಲ್ಲಿ ಅಷ್ಟು ತಿಂಗಳು ಬಿಸ್ಕತ್ತು ತಿನ್ನಬೇಕಿರಲಿಲ್ಲ. ಕಷ್ಟ ದಾಟಿ ಬಂದವರು ಕಷ್ಟಕ್ಕೇ ಹಾರ ಹಾಕುತ್ತಾರೆ, ಕೈ ಹಿಡಿದವರನ್ನು ಮರೆಯುತ್ತಾರೆ. ಇದನ್ನು ಹೇಳಿದರೆ ಅವನಿಗೆ ಸ್ವಲ್ಪ ಸಿಟ್ಟು ಬರುತ್ತದೆ.

ಬೆಲೆಯ ಮಾತೂ ಆಡಬೇಕಲ್ವಾ. ಹನ್ನೆರಡನೇ ತರಗತಿ ಮುಗಿಸಿ ಬಂದಾಗ ಮನೆಯಲ್ಲಿ ಅವನು ಹೆಚ್ಚುಕಡಿಮೆ ನೆಂಟ. ಅವ್ವ ಅವನಿಗೆ ಒಳ್ಳೇ ತಟ್ಟೆಯಲ್ಲಿ ಬಡಿಸುತ್ತಿದ್ದರು. ಅಪ್ಪನ ಮಂಡಿನೋವು, ಹೊಲದ ಸಾಲ, ಯಾವ ಅಂಗಡಿಯಲ್ಲಿ ಉದ್ರಿ ಇದೆ, ಎಲ್ಲ ತಂಗಿಗೆ ಗೊತ್ತು, ಇವನಿಗೆ ಗೊತ್ತಿಲ್ಲ. ಹಾಸ್ಟೆಲ್ ಮುಗಿಸಿದ ಬಹಳ ಜನರ ಪಾಡು ಇದು. ಈಗಲೂ ಮನೆಯ ಗಂಭೀರ ವಿಷಯಗಳು ಅವನಿಗೆ ಮುಟ್ಟುವುದು ತಂಗಿಯ ಮೂಲಕ.

ಬೇರೆಯವರಿಗೆ ಇದರಿಂದ ಏನು ಸಿಗಬಹುದು

ಇದು ಒಂದೇ ಪ್ರಕರಣ, ಎಲ್ಲ ಮಕ್ಕಳಿಗೂ ಇದೇ ಔಷಧ ಅಂತಲ್ಲ. ಇಲ್ಲಿ ಹೊಡೆತ, ಕಿರುಕುಳ ಇರಲಿಲ್ಲ. ಅವು ಇದ್ದರೆ ಮೆಸ್ ಕಮಿಟಿ, ಸಂಕ್ರಾಂತಿ ಗಡುವು ಇವೆಲ್ಲ ಬೇಡ. ಮೊದಲು ಮಗುವನ್ನು ಕರೆದುಕೊಂಡು ಬನ್ನಿ, ಬೇಕಾದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಇನ್ನೊಂದು ಅನುಮಾನವನ್ನೂ ಹೇಳಿಬಿಡುತ್ತೇನೆ. ಮಾರ್ಚ್ ಹೊತ್ತಿಗೆ ಹಿಂದಿ ಅವನಿಗೆ ಹೇಗೂ ಬರುತ್ತಿತ್ತೇನೋ, ಆ ವಯಸ್ಸಿನ ಮಕ್ಕಳು ಭಾಷೆ ಬೇಗ ಹಿಡಿಯುತ್ತಾರೆ. ಆದರೆ ಊಟಕ್ಕೆ ವಾಪಸ್ ಹೋಗುವುದು ತಾನಾಗಿಯೇ ಆಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ ಮಕ್ಕಳು ಹೋಗುವುದು ಇದೇ ಆರನೇ ತರಗತಿಗೆ, ಇದೇ ವಯಸ್ಸಿನಲ್ಲಿ. ಅಲ್ಲಿ ಬೇರೆ ರಾಜ್ಯಕ್ಕೆ ಕಳಿಸುವುದಿಲ್ಲ, ಆದರೆ ಫೋನಿನಲ್ಲಿ ಕೇಳುವ ಪ್ರಶ್ನೆ ಅದೇ, ಸಿಗುವ ಉತ್ತರವೂ ಅದೇ. ಹೌಸ್ ಮಾಸ್ಟರುಗಳಿಗೆ ನನ್ನದೊಂದು ಬೇಡಿಕೆ. ಕಂಪ್ಲೇಂಟ್ ಇಲ್ಲದ ಮಕ್ಕಳ ಪಟ್ಟಿ ಮಾಡಿ. ಗಲಾಟೆ ಮಾಡುವವರು ತಾವಾಗಿಯೇ ನಿಮ್ಮ ಕಣ್ಣಿಗೆ ಬೀಳುತ್ತಾರೆ, ಈ ಪಟ್ಟಿಯವರು ಬೀಳುವುದಿಲ್ಲ. ತಿಂಗಳಿಗೊಂದು ಸಲ ಇವರ ಜೊತೆ ಕೂತು ಊಟ ಮಾಡಿ, ಮಾತಾಡಿಸದಿದ್ದರೂ ಪರವಾಗಿಲ್ಲ. ಮೌನಿ ಮಗುವಿಗೆ ಕೆಲಸ ಕೊಡುವುದಾದರೆ ನಾಲ್ಕು ಜನರ ಜೊತೆ ಮಾತಾಡಲೇಬೇಕಾದ ಕೆಲಸ ಕೊಡಿ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಕೊಟ್ಟರೆ ಇನ್ನಷ್ಟು ಮೌನಿಯಾಗುತ್ತದೆ.

ಈ ಸಲ ಸೋಮುವಿನ ತಂಗಿ ತನ್ನ ಮಗನಿಗೆ ನವೋದಯದ ಅರ್ಜಿ ಹಾಕಿದ್ದಾಳೆ. ಅಣ್ಣಾ, ಹಾಕ್ಲೋ ಬ್ಯಾಡೋ ಅಂತ ಕೇಳಿದ್ದಕ್ಕೆ, ಪರೀಕ್ಷೆ ಬರೆಸು, ಪಾಸಾದರೆ ಊರಲ್ಲಿ ಶಾಲು ಹೊದಿಸಿಕೊಳ್ಳುವ ಮುಂಚೆ ನನಗೆ ಹೇಳು, ಮೊದಲು ಅವನನ್ನ ಶಾಲೆ ನೋಡಾಕ ಕರಕೊಂಡು ಹೋಗೂಣು ಅಂದಿದ್ದಾನೆ. ಹೋದರೆ ಪ್ರಿನ್ಸಿಪಾಲರ ಕೋಣೆಗಿಂತ ಮೊದಲು ಮೆಸ್ಸಿಗೆ ಹೋಗುತ್ತಾನಂತೆ, ರಾತ್ರಿ ಊಟದ ರಿಜಿಸ್ಟರ್ ಯಾರ ಹತ್ತಿರ ಇರುತ್ತದೆ ಅಂತ ಕೇಳಲು.